ಎದುರುಮನೆ ಅಂಕಲ್ ಪಾಸ್ ಮಾಡಿದ ಕ್ಯಾಬಿನೆಟ್

ನಮ್ಮ ರಸ್ತೆಯಲ್ಲಿ ಎದುರುಮನೆ ಅಂಕಲ್ ಸುದ್ದಿ ಬಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಪಾಪ, ಒಳ್ಳೆ ಮನುಷ್ಯ ಎನ್ನುತ್ತಾರೆ. ನಗುವುದು ಒಂದು ಕಂಪ್ಯೂಟರ್ ಕ್ಯಾಬಿನೆಟ್ಟಿನ ವಿಷಯಕ್ಕೆ. ಕ್ಯಾಬಿನೆಟ್ ಎಂದರೆ ಬೇರೇನಲ್ಲ, ಕಂಪ್ಯೂಟರಿನ ಭಾಗಗಳನ್ನೆಲ್ಲ ಒಳಗೆ ಕೂರಿಸುವ ತಗಡಿನ ಪೆಟ್ಟಿಗೆ. ಜೀವಮಾನವಿಡೀ ಯಾವ ವಸ್ತುವನ್ನೂ ತಪ್ಪಾಗಿ ಪಾಸ್ ಮಾಡದ ಮನುಷ್ಯ ಅದೊಂದರಲ್ಲಿ ಎಡವಿದರು ಎಂಬುದು ರಸ್ತೆಯ ಕಥೆ. ಆ ಕ್ಯಾಬಿನೆಟ್ ನಮ್ಮ ಮನೆಯದು. ಅವರು ಎಡವಿರಲಿಲ್ಲ. ಅವರ ಹೆಸರಿಗೆ ಮಸಿ ಹತ್ತಿದ್ದು ನಮ್ಮ ಮನೆಯಿಂದ ಎಂದು ನನಗೆ ಗೊತ್ತಾದದ್ದು ಹೋದ ತಿಂಗಳು, ಅವರು ತೀರಿಕೊಂಡ ದಿನ. ಆವತ್ತಿನಿಂದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗಲೂ ಅವರ ಗೇಟಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಅಷ್ಟು ನಾಚಿಕೆ.

ಅವರು ಇಟ್ಟಮಡು ಕಡೆಯ ಹಳೇ ಊರಿನವರು. ಹೊಲಗಳೆಲ್ಲ ಸೈಟುಗಳಾದಾಗ ಅಣ್ಣತಮ್ಮಂದಿರು ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟು ಆರಾಮಾಗಿ ಕೂತರು. ಇವರು ಮಾತ್ರ ಒಂದು ಕಾರ್ಖಾನೆ ಸೇರಿ, ಅಲ್ಲಿನ ಇನ್‌ಸ್ಪೆಕ್ಷನ್ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು, ಕತ್ರಿಗುಪ್ಪೆಯ ನಮ್ಮ ರಸ್ತೆಗೆ ಬಂದು ಮನೆ ಕಟ್ಟಿದರು. ನಿವೃತ್ತಿ ಎಂಬುದು ಕಾರ್ಖಾನೆಯವರು ಕೊಟ್ಟದ್ದು, ಇವರು ತೆಗೆದುಕೊಂಡಿರಲಿಲ್ಲ. ಅರ್ಧ ತೋಳಿನ ಶರ್ಟಿನ ಜೇಬಿನಲ್ಲಿ ಸಣ್ಣ ಟಾರ್ಚು, ಒಂದು ಉಂಡೆ ಹತ್ತಿ ಮತ್ತು ಉಗುರುಬಣ್ಣದ ಸೀಸೆಯಂಥದ್ದರಲ್ಲಿ ಹಸಿರು ಪೇಂಟು ಯಾವಾಗಲೂ ಇರುತ್ತಿತ್ತು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಎಂದ ಭಾಗಕ್ಕೆ ಹಸಿರು ಚುಕ್ಕೆ ಇಡುತ್ತಿದ್ದರಂತೆ. ಅದೇ ಅಭ್ಯಾಸ ರಸ್ತೆಗೂ ಬಂತು. ನಮ್ಮ ರಸ್ತೆಯ ಎಷ್ಟೋ ಗ್ಯಾಸ್ ಒಲೆಗಳ ಕೆಳಗೆ, ನೀರಿನ ಫಿಲ್ಟರುಗಳ ಹಿಂದೆ, ಮಕ್ಕಳ ಸೈಕಲ್ಲುಗಳ ಸೀಟಿನಡಿಯಲ್ಲಿ ಹುಡುಕಿದರೆ ಹಸಿರು ಚುಕ್ಕೆ ಸಿಗುತ್ತದೆ.

ವಿನಯವಂತರು ಅಂತ ಮಾತ್ರ ಅಂದುಕೊಳ್ಳಬೇಡಿ. ಅವರಿಗಿದ್ದ ಜಂಬ ಬನಶಂಕರಿ ಬಸ್ ಸ್ಟ್ಯಾಂಡಿನಷ್ಟು ದೊಡ್ಡದು. ಯಾರ ಮನೆಗಾದರೂ ಹೊಸ ಸಾಮಾನು ಬಂದರೆ ಕರೆಯದೇ ಬರುತ್ತಿದ್ದರು. ಚಪ್ಪಲಿ ಬಿಡುತ್ತಲೇ ತೀರ್ಪು ಶುರು. ತೀರ್ಪಿನಲ್ಲಿ ಮೂರೇ ಬಗೆ: ಪಾಸ್, ರಿಜೆಕ್ಟ್, ರೀವರ್ಕ್. ಹೆಂಡತಿ ಮಾಡಿದ ಇಡ್ಲಿಗೂ ಒಮ್ಮೆ ರೀವರ್ಕ್ ಅಂದರಂತೆ. ಆಂಟಿ ತಟ್ಟೆ ಎತ್ತಿಕೊಂಡು ಹೋಗಿ, ನಾಳೆಯಿಂದ ಪ್ರೊಡಕ್ಷನ್ನೂ ನಿಮ್ಮದೇ ಅಂದಮೇಲೆ ಅಡುಗೆಮನೆಯ ಇನ್‌ಸ್ಪೆಕ್ಷನ್ ನಿಂತಿತು. ಇದನ್ನು ಆಂಟಿಯೇ ನಮಗೆಲ್ಲ ಹೇಳಿ ನಗಿಸುತ್ತಿದ್ದರು. ಅಂಕಲ್ ಪಕ್ಕದಲ್ಲೇ ನಿಂತು, ಇಡ್ಲಿ ನಿಜವಾಗಿಯೂ ಗಟ್ಟಿ ಇತ್ತು ಎಂದು ಸೇರಿಸುತ್ತಿದ್ದರು.

ಸುಳ್ಳು ಹೇಳಲು ಬರುತ್ತಿರಲಿಲ್ಲ ಅನ್ನುವುದಕ್ಕಿಂತ, ಸುಳ್ಳನ್ನು ಅವರು ಒಂದು ಕಳಪೆ ಮಾಲು ಅಂತಲೇ ತಿಳಿದಿದ್ದರು. ಮೂಲೆಮನೆಯವರಿಗೆ ಒಬ್ಬ ವಿಮೆ ಏಜೆಂಟನ ಕಾಟ. ಅವನು ಬರುವುದನ್ನು ದೂರದಿಂದ ನೋಡಿ, ನಾನು ಊರಲ್ಲಿಲ್ಲ ಅಂತ ಹೇಳಿಬಿಡಿ ಎಂದು ಅಂಕಲ್‌ಗೆ ಹೇಳಿ ಒಳಗೆ ಓಡಿದ್ದರು. ಏಜೆಂಟ್ ಬಂದು ಕೇಳಿದಾಗ ಅಂಕಲ್ ಕೊಟ್ಟ ಉತ್ತರ ಇದು: “ಒಳಗೇ ಇದಾರೆ. ಇಲ್ಲ ಅಂತ ಹೇಳಿ ಅಂದಿದಾರೆ. ನೀವು ಇನ್ನೊಂದಿನ ಬನ್ನಿ.” ಮೂಲೆಮನೆಯವರು ಬಹಳ ದಿನ ಇವರ ಜೊತೆ ಮಾತು ಬಿಟ್ಟಿದ್ದರು. ಮದುವೆ ಮನೆಯಲ್ಲಿ ಹೆಣ್ಣಿನ ತಂದೆ ಕೈ ಹಿಡಿದು ಊಟ ಹೇಗಿತ್ತು ಎಂದು ಕೇಳಿದರೆ, ಪಲ್ಯ ಪಾಸ್, ಸಾರು ರೀವರ್ಕ್ ಎಂದು ಹೇಳಿ ಬಂದ ಪುಣ್ಯಾತ್ಮ.

ನಾನು ಮನೆಯಲ್ಲೇ ಕೂತು ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುತ್ತೇನೆ. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಲ್ಯಾಪ್‌ಟಾಪ್ ಕೈಕೊಟ್ಟಾಗ, ಬೇಕಾದ ಭಾಗಗಳನ್ನು ತಂದು ನಾನೇ ಒಂದು ಡೆಸ್ಕ್‌ಟಾಪ್ ಜೋಡಿಸಿಬಿಡೋಣ ಎಂಬ ಹುಮ್ಮಸ್ಸು ಬಂತು. ಇದ್ದ ದುಡ್ಡೆಲ್ಲ ಪ್ರೊಸೆಸರ್, ಮೆಮೊರಿ ಅಂತ ಒಳಗಿನ ಸಾಮಾನಿಗೇ ಆಯಿತು. ಕ್ಯಾಬಿನೆಟ್ ಮಾತ್ರ ಆದಷ್ಟು ಅಗ್ಗದ್ದು ಸಾಕು, ತಗಡಿನ ಡಬ್ಬ ತಾನೇ ಎಂದು ಗೇಟಿನ ಹತ್ತಿರ ಅಮ್ಮನಿಗೆ ಹೇಳುತ್ತಿದ್ದೆ. ಎದುರುಗಡೆಯಿಂದ ದನಿ ಬಂತು. ಅಗ್ಗದ್ದು ತಗೊಳ್ಳೋಕೇ ಜಾಸ್ತಿ ನೋಡಬೇಕು ಕಣಮ್ಮ, ದುಬಾರಿದನ್ನ ಯಾರು ಬೇಕಾದರೂ ತರ್ತಾರೆ ಎಂದರು. ಮಾರನೇ ದಿನ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ನನ್ನ ಸ್ಕೂಟರಿನ ಪಕ್ಕ ನಿಂತಿದ್ದರು. ನಾನು ಕರೆದಿರಲಿಲ್ಲ.

ಬನಶಂಕರಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ತೋರಿಸಿದ್ದು ಗಾಜಿನ ಮುಖದ, ಬಣ್ಣಬಣ್ಣದ ದೀಪ ಉರಿಯುವ ಕ್ಯಾಬಿನೆಟ್ಟುಗಳು. ಗಣೇಶನ ಪೆಂಡಾಲಿನಲ್ಲಿಟ್ಟರೆ ಚೆನ್ನಾಗಿರುತ್ತೆ ಎಂದು ಅಂಕಲ್ ಪಕ್ಕಕ್ಕೆ ಸರಿಸಿದರು. ಆಮೇಲೆ ಒಂದೊಂದನ್ನೇ ಕೆಳಗಿಳಿಸಿ, ಪಕ್ಕದ ಬಾಗಿಲು ಬಿಚ್ಚಿ, ಜೇಬಿನ ಹತ್ತಿ ತೆಗೆದು ಒಳಗಿನ ಅಂಚುಗಳ ಮೇಲೆ ಸವರಿದರು. ಹತ್ತಿಯ ಎಳೆ ಸಿಕ್ಕಿಹಾಕಿಕೊಂಡರೆ ಅಲ್ಲಿ ತಗಡು ಚೂಪಾಗಿದೆ, ನಾಳೆ ನಿನ್ನ ಬೆರಳು ಕುಯ್ಯುತ್ತೆ ಅಂತ ಅರ್ಥ. ಒಂದು ರಿಜೆಕ್ಟ್. ಇನ್ನೊಂದನ್ನು ಎರಡು ಮೂಲೆ ಹಿಡಿದು ಸ್ವಲ್ಪ ತಿರುಚಿ ನೋಡಿದರು, ಅದು ಹಪ್ಪಳದಂತೆ ಬಾಗಿತು. ಅದೂ ರಿಜೆಕ್ಟ್. ಸ್ಕ್ರೂಗಳನ್ನು ಬಿಚ್ಚಿ ಮತ್ತೆ ಹಾಕಿ, ಅವುಗಳ ಸುತ್ತು ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಿದರು. ಅಂಗಡಿಯವರ ಮುಖ ಆಗಲೇ ದಪ್ಪಗಾಗಿತ್ತು. ನಾನು ನನಗೂ ಇವರಿಗೂ ಸಂಬಂಧವೇ ಇಲ್ಲದವಳಂತೆ ಕೀಬೋರ್ಡುಗಳನ್ನು ನೋಡುತ್ತಿದ್ದೆ.

ಕೊನೆಗೆ ಅವರು ಅಂಗಡಿಯ ದೇವರ ಪಟದ ಹತ್ತಿರ ಹೋಗಿ, ಉರಿಯುತ್ತಿದ್ದ ಊದುಬತ್ತಿಯೊಂದನ್ನು ಕೈಮುಗಿದು ಎತ್ತಿಕೊಂಡು ಬಂದರು. ಉಳಿದ ಕ್ಯಾಬಿನೆಟ್ಟುಗಳ ಫ್ಯಾನ್ ಓಡಿಸಿ ಅಂದರು. ಅಂಗಡಿಯವರಿಗೆ ಈಗ ಕುತೂಹಲ. ಊದುಬತ್ತಿಯನ್ನು ಒಂದೊಂದರ ಮುಂದೂ ಹಿಡಿದರು. ಮುಚ್ಚಿದ ಮುಖದ ಕ್ಯಾಬಿನೆಟ್ಟುಗಳ ಮುಂದೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮುಂದುಗಡೆ ಪೂರ್ತಿ ಜಾಲರಿಯಿದ್ದ ಒಂದು ಸಾದಾ ಕಪ್ಪು ಪೆಟ್ಟಿಗೆಯ ಮುಂದೆ ಹಿಡಿದಾಗ ಹೊಗೆ ಬಾಗಿ, ಸರ್ರನೆ ಒಳಗೆ ಸೇರಿಕೊಂಡಿತು. ಅಂಗಡಿಯವರೂ ಬಗ್ಗಿ ನೋಡಿದರು.

ಅದಕ್ಕೂ ಕುಂದುಗಳಿದ್ದವು. ಹಿಂದುಗಡೆಯ ಕಿಂಡಿಗಳನ್ನು ಮುಚ್ಚುವ ಪಟ್ಟಿಗಳು ಒಮ್ಮೆ ಮುರಿದು ತೆಗೆದರೆ ಮತ್ತೆ ಹಾಕಲಾಗದಂಥವು. ಬಣ್ಣ ಒಂದು ಕಡೆ ತೆಳ್ಳಗಿತ್ತು. ಅದನ್ನೆಲ್ಲ ನನಗೆ ತೋರಿಸಿಯೇ ಅಂಕಲ್ ಹೇಳಿದರು: “ನೋಡಮ್ಮ, ಈ ಬೆಲೆಗೆ ಇಷ್ಟು ಮಾಫಿ ಮಾಡಬೇಕು. ಉಸಿರಾಡೋದೊಂದು ಸರಿಯಿದ್ರೆ ಮಿಕ್ಕಿದ್ದು ನಡೆಯುತ್ತೆ.” ಆಮೇಲೆ ಸೀಸೆ ತೆಗೆದು, ತಳದಲ್ಲಿ ಹಸಿರು ಚುಕ್ಕೆ ಇಟ್ಟರು. ಅದು ಒಣಗುವವರೆಗೂ ಊದುತ್ತ ನಿಂತಿದ್ದರು.

ಮನೆಗೆ ತಂದು ಹಾಲಿನಲ್ಲಿ ಚಾಪೆ ಹಾಸಿ ಜೋಡಿಸಿದೆವು. ನಾನು ಸ್ಕ್ರೂ ಹಾಕಿದೆ, ಅವರು ಟಾರ್ಚು ಹಿಡಿದರು. ಅಮ್ಮ ದೂರದಲ್ಲೇ ಕೂತು ನೋಡಿದಳು. ಹತ್ತಿರ ಬರಲಿಲ್ಲ.

ಇಲ್ಲಿ ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಅಮ್ಮನಿಗೆ ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದು. ನಮ್ಮ ಮನೆಯಲ್ಲಿ ಮಿಕ್ಸಿಗೆ ಫ್ರಾಕು, ಫ್ರಿಜ್ಜಿನ ಹಿಡಿಕೆಗೆ ಕೈಗವುಸು, ಟಿವಿಗೆ ಲಂಗ. ಎಲ್ಲ ಅವಳೇ ಹೊಲಿದದ್ದು. ಆ ಲ್ಯಾಪ್‌ಟಾಪ್ ಕೈಕೊಟ್ಟದ್ದೂ, ಧೂಳು ಕೂತಿದೆಯೆಂದು ಅವಳು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆಯೇ. ಆಗ ನಾನು ಅವಳಿಗೆ ಏನೇನು ಅಂದೆನೋ. ನನ್ನ ನಾಲಗೆ ಚುರುಕು ಎಂದು ನೆಂಟರಿಷ್ಟರಿಗೆಲ್ಲ ಗೊತ್ತು, ನಾನೂ ಅದನ್ನೊಂದು ಹೆಚ್ಚುಗಾರಿಕೆ ಎಂದೇ ತಿಳಿದಿದ್ದೆ.

ಚಳಿಗಾಲ ಮುಗಿಯುವ ತನಕ ಕಂಪ್ಯೂಟರ್ ರಾಜನ ಹಾಗೆ ಓಡಿತು. ಆಮೇಲೆ ನಮ್ಮ ರಸ್ತೆಯನ್ನು ಪೈಪಿಗೆಂದು ಅಗೆದರು. ಮನೆಯೆಲ್ಲ ಕೆಂಪು ಧೂಳು. ಬೇಸಿಗೆಯೂ ಬಂತು. ಕೆಲಸದ ಮಧ್ಯೆ ಕಂಪ್ಯೂಟರ್ ತಾನೇ ಆಫ್ ಆಗತೊಡಗಿತು. ಪ್ರಕಾಶಕರೊಬ್ಬರ ಪುಸ್ತಕ ಪ್ರೆಸ್ಸಿಗೆ ಹೋಗಬೇಕಾದ ವಾರ ನಾನು ಉರಿದುಬಿದ್ದೆ. ಕರೆಸಿದ ಮೆಕ್ಯಾನಿಕ್ ಪಕ್ಕದ ಬಾಗಿಲು ಬಿಚ್ಚಿ ಕೈಯಿಟ್ಟು ನೋಡಿ, ಒಳಗೆ ಬಿಸಿ ಜಾಸ್ತಿ ಆಗ್ತಿದೆ ಮೇಡಂ, ಚೀಪ್ ಕ್ಯಾಬಿನೆಟ್ ಅಲ್ವಾ, ಹಿಂಗೇ ಆಗೋದು ಎಂದ. ಮೂಲೆಮನೆಯವರು ಅದನ್ನು ಗೇಟಿನಿಂದಲೇ ಕೇಳಿಸಿಕೊಂಡು ಒಳಗೆ ಬಂದರು. ಸುದ್ದಿ ಎದುರುಮನೆಗೆ ತಲುಪಲು ಎಷ್ಟು ಹೊತ್ತು ಬೇಕು? ಅಂಕಲ್ ಊದುಬತ್ತಿ ಹಿಡಿದುಕೊಂಡೇ ಬಂದರು.

ಆಗ ನನಗೆ ಪ್ರಕಾಶಕರ ಫೋನ್ ಬಂತು. ನಾನು ಜಗಲಿಗೆ ಹೋಗಿ ಅವರ ಬೈಗುಳ ಕೇಳುತ್ತಿದ್ದೆ. ಮೆಕ್ಯಾನಿಕ್ ಮತ್ತು ಮೂಲೆಮನೆಯವರೂ ಅಲ್ಲೇ ನಿಂತಿದ್ದರು. ಒಳಗಿದ್ದವರು ಅಂಕಲ್ ಮತ್ತು ಅಮ್ಮ. ಸ್ವಲ್ಪ ಹೊತ್ತಿಗೆ ಅಂಕಲ್ ಹೊರಗೆ ಬಂದರು. ಅವರ ಮುಖದಲ್ಲಿ ಎಂದಿನ ಗತ್ತಿರಲಿಲ್ಲ. “ತಪ್ಪು ನಂದೇ ಕಣಮ್ಮ. ಜಾಲರಿ ಗಾಳಿ ತಗೊಳ್ತಿರಲಿಲ್ಲ. ನಾನು ಪಾಸ್ ಮಾಡಬಾರದಾಗಿತ್ತು. ಈಗ ಸರಿ ಮಾಡಿದೀನಿ, ಇನ್ನು ಆಫ್ ಆಗಲ್ಲ,” ಎಂದರು. ಆಮೇಲೆ ಮೆಕ್ಯಾನಿಕ್‌ನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಒಳಗೆ ಹೋಗಿ, ಕ್ಯಾಬಿನೆಟ್ಟನ್ನು ಮಗ್ಗುಲಾಗಿ ಮಲಗಿಸಿ, ತಾವಿಟ್ಟ ಹಸಿರು ಚುಕ್ಕೆಯನ್ನು ಕೆರೆದು ತೆಗೆದರು. ನಾವೆಲ್ಲ ನೋಡುತ್ತಿದ್ದೆವು. ಇರಲಿ ಬಿಡಿ ಅಂಕಲ್ ಎಂದು ನಾನು ಅಂದದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ.

ಕಂಪ್ಯೂಟರ್ ಮತ್ತೆ ಆಫ್ ಆಗಲಿಲ್ಲ. ಆದರೆ ರಸ್ತೆಗೆ ತಮಾಷೆಗೆ ಒಂದು ವಿಷಯ ಸಿಕ್ಕಿತು. ವಿಮೆ ಏಜೆಂಟನ ವಿಷಯದ ಸೇಡು ಮೂಲೆಮನೆಯವರ ಮನಸ್ಸಿನಲ್ಲಿ ಇನ್ನೂ ಇತ್ತೇನೋ, ಯಾರ ಮನೆಗೆ ಏನು ಬಂದರೂ, ಅಂಕಲ್ ಪಾಸ್ ಮಾಡಿದಾರಾ, ಹಾಗಾದ್ರೆ ಹುಷಾರು ಎನ್ನುತ್ತಿದ್ದರು. ಕೆಟ್ಟ ಮನಸ್ಸಿನ ನಗುವಲ್ಲ, ಆದರೂ ನಗುವೇ. ಅಂಕಲ್ ಯಾರ ಮನೆಗೂ ತಾವಾಗಿ ಹೋಗುವುದನ್ನು ಬಿಟ್ಟರು. ಯಾರಾದರೂ ಹೊಸ ಗೀಸರ್ ಇಳಿಸುತ್ತಿದ್ದರೆ ಗೇಟಿನವರೆಗೆ ಬರುವರು, ಕೈ ಹಿಂದೆ ಕಟ್ಟಿಕೊಂಡು ನೋಡುವರು. ಏನಂತೀರಿ ಅಂದರೆ, ನೀವೇ ನೋಡ್ಕೊಳ್ಳಿ ಎಂದು ಒಳಗೆ ಹೋಗುವರು. ಜೇಬು ಬರಿದಾಗಿತ್ತು. ತರಕಾರಿ ಗಾಡಿಯವನು ಕೊಳೆತ ಟೊಮೆಟೊ ಹಾಕಿದರೂ ಸುಮ್ಮನೆ ತರ್ತಾರೆ ಎಂದು ಆಂಟಿ ಒಮ್ಮೆ ನನ್ನ ಹತ್ತಿರ ಕಣ್ಣು ಒರೆಸಿಕೊಂಡರು. ಅಮ್ಮ ಮಾತ್ರ ಕೋಡುಬಳೆ ಕರಿದಾಗಲೆಲ್ಲ ಮೊದಲ ಡಬ್ಬಿ ಎದುರುಮನೆಗೇ ಕಳಿಸುತ್ತಿದ್ದಳು. ಅಮ್ಮನಿಗೆ ಎಷ್ಟು ಅಂತಃಕರಣ ಎಂದು ನಾನು ಅಂದುಕೊಂಡೆ.

ಅವರು ತೀರಿಕೊಂಡದ್ದು ಎದೆನೋವಿನಿಂದ, ಆಸ್ಪತ್ರೆ ಮುಟ್ಟುವ ಮೊದಲೇ. ಮಣ್ಣು ಮಾಡಿ ಎಲ್ಲರೂ ಹಿಂತಿರುಗಿದ ಸಂಜೆ, ಅಮ್ಮ ಸ್ನಾನ ಮಾಡಿ ಬಂದವಳು ದೀಪ ಹಚ್ಚದೆ ನನ್ನ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂತು ಹೇಳತೊಡಗಿದಳು. ಧೂಳು ಶುರುವಾದ ದಿನಗಳಲ್ಲಿ ಆ ಜಾಲರಿಯ ಮೇಲೆ ಒಂದು ಹಲ್ಲಿ ಕೂತಿತ್ತಂತೆ. ಒಳಗೆ ಹೋಗಿ ಸುಟ್ಟು ಸತ್ತರೆ ಯಂತ್ರವೂ ಹಾಳು, ಪಾಪವೂ ಸುತ್ತಿಕೊಳ್ಳುತ್ತೆ ಎಂದು, ನಾನು ಹೊರಗೆ ಹೋದಾಗ ಮುಂದಿನ ಮುಚ್ಚಳ ಎಳೆದು ತೆಗೆದು, ರವಿಕೆಗೆ ಹಾಕುವ ಲೈನಿಂಗ್ ಬಟ್ಟೆ ಕತ್ತರಿಸಿ ಜಾಲರಿಯ ಒಳಮೈಗೆ ಅಂಟಿಸಿಬಿಟ್ಟಿದ್ದಳು. ಕಪ್ಪು ಬಟ್ಟೆ, ಕಪ್ಪು ಜಾಲರಿ. ಹೊರಗಿನಿಂದ ಕಾಣುವಂತೆಯೇ ಇರಲಿಲ್ಲ.

ಆವತ್ತು ಅಂಕಲ್ ಊದುಬತ್ತಿ ಹಿಡಿದಾಗ ಹೊಗೆ ಒಳಗೆ ಹೋಗಲಿಲ್ಲ. ಮುಚ್ಚಳ ಕಿತ್ತರು. ಬಟ್ಟೆ ನೋಡಿದರು, ತಿರುಗಿ ಅಮ್ಮನ್ನ ನೋಡಿದರು. ಅಮ್ಮ ಕೈ ಮುಗಿದಳು. ಹಲ್ಲಿಗಾ, ಧೂಳಿಗಾ ಎಂದು ಮೆಲ್ಲಗೆ ಕೇಳಿದರಂತೆ. ಹಲ್ಲಿಗೆ ಅಂದಳು. ಅವರು ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ, “ಕೆಲಸ ನೀಟಾಗಿದೆಯಮ್ಮ. ಜಾಗ ತಪ್ಪು, ಅಷ್ಟೇ,” ಎಂದರು. ಆಗ ಹೊರಗೆ ಫೋನಿನಲ್ಲಿ ನಾನು ಕೂಗಾಡುವುದು ಕೇಳುತ್ತಿತ್ತು. ಅವಳಿಗೆ ಹೇಳಬೇಡಿ ಎಂದು ಅಮ್ಮ ಕೇಳಿಕೊಂಡಳು. ಅವರು ಬಟ್ಟೆ ಕಿತ್ತು, ಮಡಿಸಿ, ಜೇಬಿಗೆ ಹಾಕಿಕೊಂಡು ಹೊರಗೆ ಬಂದರು.

“ಒಂದು ಮಾತು ನನ್ನ ಹತ್ರ ಹೇಳೋಕೆ ಆಗ್ಲಿಲ್ವಾ ನಿಂಗೆ? ಅವರ ಮಾನ ಹೋಯ್ತಲ್ಲಮ್ಮ,” ಎಂದೆ.

“ನಿಂಗೆ ಹೆದರಿ ಕಣೇ,” ಎಂದಳು ಅಮ್ಮ. “ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ಕೊಂಡೇ ಇದ್ದೆ. ಅವರು ಹೊರಟೇ ಹೋದ್ರು.”

ಹೆತ್ತ ತಾಯಿ ನನ್ನ ನಾಲಗೆಗೆ ಹೆದರಿ, ಎದುರುಮನೆಯ ಮನುಷ್ಯನ ಬೆನ್ನ ಹಿಂದೆ ಅಡಗಿ ಕೂತಿದ್ದಳು. ಆ ಮನುಷ್ಯನಿಗೆ ಲೋಕದಲ್ಲಿ ಇದ್ದ ಹೆಮ್ಮೆ ಒಂದೇ, ತಾನು ಪಾಸ್ ಅಂದದ್ದು ಪಾಸ್ ಎಂಬುದು. ಅದನ್ನೇ ಬಿಚ್ಚಿ ನಮ್ಮ ಮನೆಗೆ ಹೊದಿಸಿ ಹೋದರು. ನನಗೆ ಅಮ್ಮನ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಅವಳ ಮುಖ ನೋಡಲೂ ಆಗಲಿಲ್ಲ, ನನ್ನ ಮುಖ ತೋರಿಸಲೂ ಆಗಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಎಲ್ಲರೆದುರಿಗೇ ಹೇಳಿಬಿಡ್ತೀನಿ ಎಂದು ಅಮ್ಮ ಅವತ್ತೇ ತೀರ್ಮಾನ ಮಾಡಿದಳು. ನಾನೂ ಜೊತೆಗೆ ನಿಲ್ಲುತ್ತೇನೆ ಎಂದೆ. ಹೋದವರು ತಿರುಗಿ ಬರುವುದಿಲ್ಲ, ಅವರ ಹೆಸರಾದರೂ ತೊಳೆದು ಇಡಬಹುದು ಎಂಬುದೊಂದೇ ಆಸೆ ನಮಗೆ.

ರಸ್ತೆಗೆ ಶಾಮಿಯಾನ ಹಾಕಿದ್ದರು. ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟಿದ್ದರು. ಊಟಕ್ಕೆ ಎಲೆ ಹಾಕಿದಾಗ ಜನ ಅವರ ಕಥೆಗಳನ್ನು ಶುರುಮಾಡಿದರು. ಇಡ್ಲಿಯ ಕಥೆ ಆಯಿತು, ಮದುವೆ ಮನೆಯ ಸಾರಿನ ಕಥೆ ಆಯಿತು. ವಿಮೆ ಏಜೆಂಟನ ಕಥೆಯನ್ನು ಮೂಲೆಮನೆಯವರೇ ಹೇಳಿ ಎಲ್ಲರನ್ನೂ ನಗಿಸಿದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲೂ ನೀರು ಬಂತು. ಆಮೇಲೆ ನಮ್ಮ ಕಡೆ ತಿರುಗಿ, ಅಂಥಾ ಮನುಷ್ಯನೂ ನಿಮ್ಮನೆ ಕ್ಯಾಬಿನೆಟ್ ಒಂದರಲ್ಲಿ ಔಟಾಗಿಬಿಟ್ರು ನೋಡಿ ಎಂದರು. ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದ ಆಂಟಿಯೂ ನಕ್ಕರು.

ಅಮ್ಮ ಎಲೆಯ ಮುಂದಿನಿಂದ ಎದ್ದು ನಿಂತಳು. ಕೈಯಲ್ಲಿ ಅನ್ನ ಹಾಗೇ ಇತ್ತು. “ತಪ್ಪು ಅವರದಲ್ಲ. ಜಾಲರಿಗೆ ಬಟ್ಟೆ ಅಂಟಿಸಿದ್ದು ನಾನು. ನನ್ನ ಉಳಿಸೋಕೆ ಅವರು ತಮ್ಮ ಮೇಲೆ ಹಾಕ್ಕೊಂಡ್ರು,” ಎಂದಳು. ದನಿ ಕೊನೆಯ ಎಲೆಯವರೆಗೆ ಕೇಳಿಸಿತು.

ಮೂಲೆಮನೆಯವರ ಹೆಂಡತಿ ಅಮ್ಮನಿಗೆ, ಇರಲಿ ಬಿಡಿ ಆಂಟಿ, ನಾವೇನು ಅವರನ್ನ ಕೀಳು ಮಾಡಿ ನಗಲಿಲ್ಲ, ನೀವು ಮನಸ್ಸಿಗೆ ಹಚ್ಕೋಬೇಡಿ ಎಂದರು. ಅಮ್ಮ ಹೇಳ್ತಿರೋದು ನಿಜ ಎಂದು ನಾನೂ ಎದ್ದು ನಿಂತೆ. ಅದರಿಂದ ಇನ್ನೂ ಕೆಟ್ಟಿತು. ತಾಯಿ ಮಗಳು ಇಬ್ಬರದೂ ಒಂದೇ ಗುಣ ಎಂದು ಯಾರೋ ಮೆಚ್ಚಿಕೊಂಡರು.

ಅಂಕಲ್ ಮಗ, ಕುಮಾರಸ್ವಾಮಿ ಲೇಔಟಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವವರು, ತಲೆ ಬೋಳಿಸಿಕೊಂಡು ಪಾಯಸ ಬಡಿಸುತ್ತಿದ್ದರು. ಬಕೆಟ್ ಕೆಳಗಿಟ್ಟು ಅಮ್ಮನ ಹತ್ತಿರ ಬಂದರು. “ಆಂಟಿ, ನಿಮ್ಮ ಋಣ ದೊಡ್ಡದು. ಆದ್ರೆ ಆ ವಿಷ್ಯ ಅಪ್ಪನೇ ನನಗೆ ಹೇಳಿದ್ರು, ತಪ್ಪು ನಂದೇ ಅಂತ. ಅಪ್ಪ ಯಾವತ್ತಾದ್ರೂ ಸುಳ್ಳು ಹೇಳಿದ್ದು ನೀವು ಕೇಳಿದೀರಾ?”

ಅಮ್ಮ ನನ್ನ ಮುಖ ನೋಡಿದಳು. ಊಟದ ಮಧ್ಯೆ ಏಳಬಾರದು ಎಂದು ಆಂಟಿ ಅವಳ ಭುಜ ಹಿಡಿದು ಕೂರಿಸಿದರು. ಮಗ ಇನ್ನೊಂದು ಸೌಟು ಪಾಯಸ ಬಡಿಸಿದರು. ಅಮ್ಮ ತಲೆ ಬಗ್ಗಿಸಿ ಅಷ್ಟನ್ನೂ ತಿಂದಳು.

ಕೈ ತೊಳೆಯುವ ಜಾಗದಲ್ಲಿ ಮೂಲೆಮನೆಯವರು ನನ್ನ ಪಕ್ಕಕ್ಕೆ ಬಂದರು. ಸತ್ತವರ ಮಾನಕ್ಕೋಸ್ಕರ ತಪ್ಪನ್ನ ತನ್ನ ಮೇಲೆ ಎಳ್ಕೊಂಡ್ರಲ್ಲ, ನಿಮ್ಮಮ್ಮನಂಥೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಎಂದರು. ನಾನು ನಲ್ಲಿ ನಿಲ್ಲಿಸದೆ ಕೈ ತೊಳೆಯುತ್ತಲೇ ಇದ್ದೆ.